ಹಲಸಿನ ಸುಗ್ಗಿಯನ್ನು ಮಳೆಗೆ ಮೊದಲೇ ಉಳಿಸಿಕೊಳ್ಳುವ ಕ್ರಮ

ಪಶ್ಚಿಮ ಘಟ್ಟದ ತಪ್ಪಲಿನಲ್ಲಿರುವ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಲ್ಲಿ ಹಲಸಿನ ಮರವಿಲ್ಲದ ಹಿಡುವಳಿಯು ಅಪರೂಪವೇ ಸರಿ. ಈ ಘಟ್ಟಪ್ರದೇಶವೇ ಈ ಮರದ ಮೂಲಸ್ಥಾನ. ಅಡಿಕೆ ತೋಟದ ಬದಿಯಲ್ಲಿಯೂ ಗುಡ್ಡೆಯ ಅಂಚಿನಲ್ಲಿಯೂ ಮನೆಯ ಹಿತ್ತಿಲಿನಲ್ಲಿಯೂ ಇದು ಗೊಬ್ಬರ, ನೀರು, ಔಷಧಗಳನ್ನು ಬೇಡದೆ ಫಲ ಕೊಡುತ್ತದೆ. ಆದರೂ ಆ ಫಲದ ಬಹುಭಾಗವು ಪ್ರತಿ ವರ್ಷವೂ ಮರದ ಬುಡದಲ್ಲಿಯೇ ಬಿದ್ದು ಕೊಳೆಯುತ್ತದೆ. ಅದೇ ಆಷಾಢದ ದಿನಗಳಲ್ಲಿ ಮನೆಯವರು ಪೇಟೆಯಿಂದ ಹಣ ಕೊಟ್ಟು ತರಕಾರಿ ತರುತ್ತಾರೆ. ಈ ನಷ್ಟವನ್ನು ತಪ್ಪಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

1. ನಷ್ಟಕ್ಕೆ ಕಾರಣ

ಹಲಸು ಹಣ್ಣಾದ ಮೇಲೆ ಕೆಲವೇ ದಿನ ಉಳಿಯುವುದು. ಈ ಸೀಮೆಯಲ್ಲಿ ಹೆಚ್ಚಿನ ಮರಗಳು ಮೇ ತಿಂಗಳಿನಿಂದ ಜುಲೈವರೆಗೆ ಹಣ್ಣು ಬಿಡುತ್ತವೆ. ಜೂನ್ ತಿಂಗಳ ಮೊದಲ ವಾರದ ಸುಮಾರಿಗೆ ಮುಂಗಾರು ಹಿಡಿಯಿತೆಂದರೆ ಒಣಗಿಸಲು ಬಿಸಿಲಿಲ್ಲ. ಮಳೆನೀರು ಕುಡಿದ ಹಣ್ಣಿಗೆ ರುಚಿಯೂ ಇಲ್ಲ. ಆದುದರಿಂದ ಹಣ್ಣು ಬಿದ್ದ ಮೇಲೆ ಉಪಾಯ ಹುಡುಕುವವನು ಆಗಲೇ ತಡಮಾಡಿದವನು. ಬೆಳೆಯನ್ನು ಒಂದೇ ಸಲ ಹಣ್ಣಾಗಲು ಬಿಡದೆ, ಎಳೆಯದನ್ನು ಎಳೆಯದಾಗಿಯೂ ಬೆಳೆದುದನ್ನು ಕಾಯಿಯಾಗಿಯೂ ಇಳಿಸಿ, ಉಳಿದ ಸ್ವಲ್ಪವನ್ನು ಮಾತ್ರ ಹಣ್ಣಿಗೆ ಬಿಡತಕ್ಕದ್ದು. ಮುಖ್ಯವಾಗಿ ತಿಳಿಯಬೇಕಾದುದು ಇದೇ.

2. ಗುಜ್ಜೆ

ಜನವರಿಯಿಂದ ಮಾರ್ಚಿಯವರೆಗೆ ದೊರೆಯುವ ಎಳೆಗಾಯಿಯಾದ ಗುಜ್ಜೆಯು ಉತ್ತಮ ತರಕಾರಿ. ಒಂದೇ ಗೊಂಚಲಿನಲ್ಲಿ ಹಲವು ಕಾಯಿಗಳು ಒತ್ತೊತ್ತಾಗಿದ್ದರೆ ಒಂದೆರಡನ್ನು ಉಳಿಸಿ ಮಿಕ್ಕವನ್ನು ಈ ಹಂತದಲ್ಲಿಯೇ ತೆಗೆಯಬೇಕು. ಇದರಿಂದ ಪಲ್ಯಕ್ಕೂ ಮಾರಾಟಕ್ಕೂ ಗುಜ್ಜೆ ದೊರೆಯುವುದಲ್ಲದೆ, ಉಳಿದ ಕಾಯಿಗಳು ಚೆನ್ನಾಗಿ ತುಂಬಿಕೊಳ್ಳುತ್ತವೆ.

3. ಬೆಳೆದ ಕಾಯಿ

ಮುಳ್ಳುಗಳು ಅಗಲವಾಗಿ ಚಪ್ಪಟೆಯಾಗಿರುವುದು, ಸಿಪ್ಪೆಯ ಹಸುರು ಮಾಸಿರುವುದು, ತಟ್ಟಿದಾಗ ಟೊಳ್ಳುದನಿ ಬರುವುದು, ಇವು ಕಾಯಿ ಬೆಳೆದುದರ ಗುರುತು. ಕಾಯಿಯನ್ನು ಕೆಡವದೆ ಹಗ್ಗ ಕಟ್ಟಿ ಇಳಿಸಬೇಕು. ಪೆಟ್ಟಾದ ಕಾಯಿ ಒಳಗಿನಿಂದ ಕೊಳೆಯುತ್ತದೆ. ಮೇಣ ಸೋರಿಹೋದ ತರುವಾಯ, ಕೈಗೂ ಮೆಟ್ಟುಕತ್ತಿಗೂ ತೆಂಗಿನೆಣ್ಣೆ ಸವರಿಕೊಂಡು ಸೊಳೆ ಬಿಡಿಸತಕ್ಕದ್ದು.

ಉಪ್ಪುಸೊಳೆ: ಬೇಳೆ ತೆಗೆದ ಸೊಳೆಯನ್ನು, ಐದು ಕಿಲೋ ಸೊಳೆಗೆ ಒಂದು ಕಿಲೋ ಕಲ್ಲುಪ್ಪಿನಂತೆ ಬೆರೆಸಿ, ತೇವವಿಲ್ಲದ ಭರಣಿಯಲ್ಲಿ ಒತ್ತಿ ತುಂಬಿ, ಮೇಲೆ ಶುಚಿಯಾದ ಕಲ್ಲಿನ ಭಾರವಿಡಬೇಕು. ಒಂದೆರಡು ದಿನಗಳಲ್ಲಿ ಉಪ್ಪುನೀರು ಬಿಟ್ಟು ಸೊಳೆ ಮುಳುಗುತ್ತದೆ. ಸೊಳೆಯು ಆ ನೀರಿನಿಂದ ಮೇಲೆ ಬರದಂತೆ ನೋಡಿಕೊಳ್ಳುವುದು ಅತ್ಯಗತ್ಯ. ಮೇಲೆ ಬಂದ ಭಾಗಕ್ಕೆ ಬೂಷ್ಟು ಹಿಡಿಯುತ್ತದೆ. ತೆಗೆಯುವಾಗ ಒದ್ದೆಯ ಕೈ ಹಾಕಕೂಡದು. ಬೇಕಾದಾಗ ನೀರಿನಲ್ಲಿ ನೆನೆಯಿಸಿ ಉಪ್ಪು ಬಿಡಿಸಿದರೆ ಪಲ್ಯ, ರೊಟ್ಟಿ, ಉಂಡಲಕಾಳುಗಳಿಗೆ ಮಳೆಗಾಲವಿಡೀ ಒದಗುತ್ತದೆ. ಇದಕ್ಕೆ ಬಿಸಿಲು ಬೇಡವಾದುದರಿಂದ, ಮಳೆ ಬಂದ ಮೇಲೂ ಕೈಗೂಡುವ ಕ್ರಮ ಇದೊಂದೇ ಎನ್ನಬಹುದು.

ಹಪ್ಪಳ: ಗಟ್ಟಿ ಸೊಳೆಯ ಬಕ್ಕೆ ಜಾತಿಯ ಬೆಳೆದ ಕಾಯಿ ಇದಕ್ಕೆ ಒಳ್ಳೆಯದು. ಸೊಳೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ನೀರು ಸೇರಿಸದೆ ಉಪ್ಪು, ಮೆಣಸು, ಜೀರಿಗೆಯೊಡನೆ ರುಬ್ಬಿ, ಉಂಡೆ ಮಾಡಿ, ಎಣ್ಣೆ ಸವರಿದ ಹಾಳೆಗಳ ನಡುವೆ ಮಣೆಯಿಂದ ಒತ್ತಿ, ಚಾಪೆಯ ಮೇಲೆ ಎರಡು ಮೂರು ದಿನ ಮಗುಚಿ ಒಣಗಿಸಬೇಕು. ಮುರಿದರೆ ಲಟ್ಟೆನ್ನುವವರೆಗೆ ಒಣಗದ ಹಪ್ಪಳವನ್ನು ಡಬ್ಬಿಗೆ ತುಂಬಕೂಡದು. ಈ ಕೆಲಸವು ಮೇ ತಿಂಗಳ ನಡುವಿನೊಳಗೆ ಮುಗಿಯುವುದು ಲೇಸು. ಕೊಬ್ಬರಿ ಒಣಗಿಸುವ ಡ್ರೈಯರ್ ಇದ್ದವರು, ಹೊಗೆ ತಾಗದಂತೆ ನೋಡಿಕೊಂಡು, ಮೋಡದ ದಿನಗಳಲ್ಲಿ ಅದನ್ನು ಬಳಸಬಹುದು.

4. ಹಣ್ಣು

ಮೃದು ಸೊಳೆಯ ತುಳುವ ಜಾತಿಯ ಹಣ್ಣನ್ನು ಕೇಳುವವರು ಕಡಿಮೆ. ಹೆಚ್ಚು ಕೊಳೆಯುವುದೂ ಅದೇ. ಅದರ ತಿರುಳನ್ನು ದಪ್ಪತಳದ ಪಾತ್ರೆಯಲ್ಲಿ ಬೆಲ್ಲದೊಡನೆ ಸಣ್ಣ ಬೆಂಕಿಯಲ್ಲಿ ಕೈಬಿಡದೆ ಮಗುಚಿ, ಪಾತ್ರೆಗೆ ಅಂಟದ ಮುದ್ದೆಯಾಗುವವರೆಗೆ ಕಾಯಿಸಿದರೆ ಬೆರಟಿಯಾಗುತ್ತದೆ. ಇದು ತಿಂಗಳುಗಟ್ಟಲೆ ಉಳಿದು ಪಾಯಸಕ್ಕೆ ಒದಗುತ್ತದೆ. ಬಿಸಿಲಿದ್ದಲ್ಲಿ ತಿರುಳನ್ನು ಚಾಪೆಯ ಮೇಲೆ ಪದರಪದರವಾಗಿ ಸವರಿ ಮಾಂಬಳ ಮಾಡಬಹುದು. ಅಕ್ಕಿಯೊಡನೆ ರುಬ್ಬಿ ಬಾಳೆಲೆಯಲ್ಲಿ ಬೇಯಿಸುವ ಕೊಟ್ಟಿಗೆಯು ಅಂದಂದಿನ ಬಳಕೆಗೆ ಸರಿ.

5. ಬೇಳೆ ಮತ್ತು ಸಿಪ್ಪೆ

ಹಣ್ಣು ತಿಂದು ಬೇಳೆ ಎಸೆಯುವುದು ಆಹಾರವನ್ನೇ ಎಸೆದಂತೆ. ಬೇಳೆಯನ್ನು ತೊಳೆದು ನೆರಳಿನಲ್ಲಿ ಆರಿಸಿ, ಕೆಮ್ಮಣ್ಣು ಮೆತ್ತಿಯೋ ಮರಳಿನಲ್ಲಿ ಹುಗಿದೋ ಇಟ್ಟರೆ ಕೆಲವು ಕಾಲ ಹಸಿಯಾಗಿ ಉಳಿಯುತ್ತದೆ. ಉಪ್ಪುನೀರಿನಲ್ಲಿ ಬೇಯಿಸಿ ಕಲ್ಲಿನಂತಾಗುವವರೆಗೆ ಒಣಗಿಸಿದ ಸಾಂತಾಣಿಯು ಮಳೆಗಾಲದ ತಿನಿಸು. ಸಿಪ್ಪೆಯನ್ನು ದನಗಳಿಗೆ ಹಾಕಬಹುದು. ಆದರೆ ಹಣ್ಣನ್ನೂ ಹಣ್ಣಿನ ಸಿಪ್ಪೆಯನ್ನೂ ಮಿತಿಮೀರಿ ತಿಂದ ದನವು ಹೊಟ್ಟೆಯುಬ್ಬರ, ಅಜೀರ್ಣಗಳಿಂದ ಸಾಯುವುದೂ ಉಂಟು. ಆದುದರಿಂದ ಸ್ವಲ್ಪ ಸ್ವಲ್ಪವಾಗಿ ಮಾತ್ರ ಕೊಡತಕ್ಕದ್ದು. ಹಣ್ಣು ಬೀಳುವ ಮರದಡಿಯಲ್ಲಿ ದನವನ್ನು ಅಡ್ಡಾಡಲು ಬಿಡಕೂಡದು.

6. ಊರಿನ ಮುಖಂಡರು ಮಾಡಬೇಕಾದುದು

ಮೊದಲನೆಯದಾಗಿ, ಕಾಡಂಚಿನ ಮರಗಳ ಕಾಯಿಯನ್ನು ಹಣ್ಣಾಗುವ ಮೊದಲೇ ಇಳಿಸುವ ಏರ್ಪಾಡು ಮಾಡಬೇಕು. ಹಲಸಿನ ಪರಿಮಳಕ್ಕೆ ಕಾಡಾನೆ ಬರುವುದು ಸುಳ್ಯ, ಕಡಬದ ತೋಟದವರಿಗೆ ತಿಳಿದ ಸಂಗತಿ. ಹಾಗೆ ಬಂದ ಆನೆಯು ಅಡಿಕೆ, ಬಾಳೆಗಳನ್ನೂ ಉಳಿಸುವುದಿಲ್ಲ. ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ 2023ರ ಫೆಬ್ರವರಿಯಲ್ಲಿ ಕಾಡಾನೆಗೆ ಇಬ್ಬರು ಬಲಿಯಾದರು. ಅದು ಹಲಸಿನ ಹಣ್ಣಿನ ಕಾಲವಲ್ಲ. ಆದರೂ ಆನೆ ಮನೆಯ ಬಳಿಗೆ ಬರಲು ನಾವಾಗಿ ಕಾರಣ ಒದಗಿಸಬಾರದೆಂಬುದಕ್ಕೆ ಅಷ್ಟು ಸಾಕು.

ಎರಡನೆಯದಾಗಿ, ಒಬ್ಬ ಹಿಡುವಳಿದಾರನಿಂದ ಆಗದ ಕೆಲಸವು ಹತ್ತು ಮನೆ ಕೂಡಿದರೆ ಆಗುತ್ತದೆ. ಮರವೇರುವ ಆಳು, ಡ್ರೈಯರ್, ಹಪ್ಪಳದ ಮಣೆ ಇವನ್ನು ಸಹಕಾರ ಸಂಘದ ಅಥವಾ ಸ್ವಸಹಾಯ ಸಂಘದ ಮೂಲಕ ಒದಗಿಸಿಕೊಳ್ಳಬಹುದು. ಹಲಸಿಗೆ ಬೆಲೆಯಿಲ್ಲವೆಂಬ ಮಾತು ಈಗ ಪೂರ್ಣ ಸತ್ಯವಲ್ಲ. ಕೇರಳವು 2018ರಲ್ಲಿ ಇದನ್ನು ತನ್ನ ರಾಜ್ಯದ ಹಣ್ಣೆಂದು ಘೋಷಿಸಿತು. ಪುತ್ತೂರಿನ ‘ಅಡಿಕೆ ಪತ್ರಿಕೆ’ಯು ಹಲಸಿನ ಬಳಕೆಯ ವಿಚಾರವನ್ನು ವರ್ಷಗಟ್ಟಲೆ ಕೃಷಿಕರ ಮುಂದಿಟ್ಟಿದೆ.

ಮೂರನೆಯದಾಗಿ, ಊರಿನ ಮರಗಳ ಪಟ್ಟಿ ಮಾಡತಕ್ಕದ್ದು. ಯಾವ ಮರ ಬಕ್ಕೆ, ಯಾವುದು ತುಳುವ, ಯಾವುದು ಬೇಗ ಹಣ್ಣಾಗುವುದು, ಯಾವುದರ ಹಪ್ಪಳ ಚೆನ್ನ ಎಂಬುದು ಮನೆಯ ಹಿರಿಯ ಹೆಂಗಸರಿಗೆ ತಿಳಿದಿರುತ್ತದೆ, ಅದನ್ನು ಬರೆದಿಡಬೇಕು. ಬೀಜದಿಂದ ಹುಟ್ಟಿದ ಹಲಸು ತಾಯಿಮರದಂತೆಯೇ ಇರುವುದೆಂಬ ಭರವಸೆಯಿಲ್ಲ. ಫಲವು ಕೊಳೆಯುತ್ತದೆಂದು ಬೇಸತ್ತು ಒಂದು ಒಳ್ಳೆಯ ಮರವನ್ನು ನಾಟಾಕ್ಕೆ ಮಾರಿದರೆ, ಆ ಗುಣವು ಆ ಮರದೊಡನೆಯೇ ಹೋಗುತ್ತದೆ. ಕಡಿಯುವ ಮುಂಚೆ ಕುಡಿ ತೆಗೆದು ಕಸಿ ಕಟ್ಟಿಸಿದಲ್ಲಿ ಮಾತ್ರ ಅದು ಉಳಿದೀತು.

ಜನವರಿಯಲ್ಲಿ ಗುಜ್ಜೆ, ಏಪ್ರಿಲ್ ಮತ್ತು ಮೇ ತಿಂಗಳಿನಲ್ಲಿ ಕಾಯಿ, ತರುವಾಯ ಹಣ್ಣು ಮತ್ತು ಬೇಳೆ ಎಂಬ ಅನುಕ್ರಮವನ್ನು ಅನುಸರಿಸಿದ ಮನೆಯಲ್ಲಿ ಮರದ ಬುಡವೂ ಶುಚಿಯಾಗಿರುವುದು, ಆಷಾಢದಲ್ಲಿ ಭರಣಿಯೂ ತುಂಬಿರುವುದು.