ಜೆಕ್ವೆರಿ ಆಬ್ಜೆಕ್ಟ್‌ನಿಂದ ಡಾಮ್ ಎಲಿಮೆಂಟ್: ಮುಖ್ಯಾಂಶಗಳು

(ಕೋಡ್ ಪದಗಳನ್ನು ಇಲ್ಲಿ ಉಚ್ಚಾರಣೆಯಂತೆ ಕೊಟ್ಟಿದೆ, ಉತ್ತರ ಪತ್ರಿಕೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಿರಿ.)

• ಜೆಕ್ವೆರಿ ಒಂದು ಜಾವಾಸ್ಕ್ರಿಪ್ಟ್ ಲೈಬ್ರರಿ. ರೂಪಿಸಿದವರು ಜಾನ್ ರೆಸಿಗ್, ಬಿಡುಗಡೆ 2006. ಒಂದು ಅಂಕಕ್ಕೆ ಇಷ್ಟು ಸಾಕು.

• $('#ಚಿತ್ರ') ಎಂದಾಗ ಸಿಗುವುದು ಪುಟದ ಎಲಿಮೆಂಟ್ ಅಲ್ಲ, ಅದನ್ನು ಒಳಗಿಟ್ಟುಕೊಂಡ ಜೆಕ್ವೆರಿ ಆಬ್ಜೆಕ್ಟ್. ಐಡಿ ಕೊಟ್ಟು ಹುಡುಕಿ ಒಂದೇ ಸಿಕ್ಕರೂ ಅದು 0ನೆಯ ಇಂಡೆಕ್ಸ್‌ನಲ್ಲೇ ಇರುತ್ತದೆ. ನೋಡಲು ಅರೇ ಹಾಗಿದ್ದರೂ ನಿಜವಾದ ಅರೇ ಅಲ್ಲ.

• ಹೊರತೆಗೆಯಲು $('#ಚಿತ್ರ')[0] ಅಥವಾ $('#ಚಿತ್ರ').ಗೆಟ್(0). ಎರಡರ ಫಲವೂ ಒಂದೇ. ವ್ಯತ್ಯಾಸ ಕಾಣುವುದು ಋಣ ಸಂಖ್ಯೆ ಕೊಟ್ಟಾಗ: ಗೆಟ್(-1) ಕೊನೆಯ ಎಲಿಮೆಂಟ್ ಕೊಡುತ್ತದೆ, [-1] ಬರೆದರೆ ಅನ್‌ಡಿಫೈನ್ಡ್. ಆವರಣದಲ್ಲಿ ಏನೂ ಕೊಡದ ಗೆಟ್() ಎಲ್ಲ ಎಲಿಮೆಂಟ್‌ಗಳ ನಿಜವಾದ ಅರೇಯನ್ನೇ ಕೊಡುತ್ತದೆ. ಟುಅರೇ() ಮಾಡುವುದೂ ಅದನ್ನೇ.

• ಈಕ್ಯೂ(0), ಫಸ್ಟ್() ಬಳಸಿದರೆ ಮತ್ತೆ ಜೆಕ್ವೆರಿ ಆಬ್ಜೆಕ್ಟೇ ಬರುತ್ತದೆ. ಬಹು ಆಯ್ಕೆ ಪ್ರಶ್ನೆಗಳಲ್ಲಿ ದಾರಿ ತಪ್ಪಿಸಲು ಹೇಳಿ ಮಾಡಿಸಿದ ಜೋಡಿ.

• ಏಕೆ ಬೇಕು? ಕ್ಯಾನ್ವಾಸ್ ಉದಾಹರಣೆ ಕೊಡಿ. $('#ಚಿತ್ರ').ಗೆಟ್‌ಕಾಂಟೆಕ್ಸ್ಟ್('2ಡಿ') ಎಂದರೆ ‘ಅದು ಫಂಕ್ಷನ್ ಅಲ್ಲ’ ಎಂಬ ಎರರ್ ಬರುತ್ತದೆ, ಏಕೆಂದರೆ ಆ ಮೆಥಡ್ ಇರುವುದು ಎಲಿಮೆಂಟ್‌ನಲ್ಲಿ, ಜೆಕ್ವೆರಿಯಲ್ಲಿ ಅಲ್ಲ. ನಡುವೆ [0] ಸೇರಿಸಿದರೆ ಸರಿಹೋಗುತ್ತದೆ. ವಿಡಿಯೊದ ಪ್ಲೇ() ಕೂಡ ಹೀಗೆಯೇ. ತಿರುಗಿಸಿ ನೋಡಿದರೆ, ಎಲಿಮೆಂಟ್‌ಗೆ ಆಡ್‌ಕ್ಲಾಸ್() ಗೊತ್ತಿಲ್ಲ; ಆಗ $(ಎಲಿಮೆಂಟ್) ಎಂದು ಸುತ್ತಬೇಕು.

• ಈಚ್() ಹಾಗೂ ಈವೆಂಟ್ ಹ್ಯಾಂಡ್ಲರ್‌ಗಳ ಒಳಗಿನ ‘ದಿಸ್’ ಆಗಲೇ ಡಾಮ್ ಎಲಿಮೆಂಟ್. ಅದಕ್ಕೆ [0] ಹಚ್ಚಬಾರದು. ಆ್ಯರೋ ಫಂಕ್ಷನ್ ಬರೆದಿದ್ದರೆ ಈ ‘ದಿಸ್’ ಸಿಗುವುದಿಲ್ಲ. ಈಚ್() ಮೊದಲು ಇಂಡೆಕ್ಸ್, ಆಮೇಲೆ ಎಲಿಮೆಂಟ್ ಕೊಡುತ್ತದೆ. ಅರೇಯ ಫಾರ್‌ಈಚ್() ಕ್ರಮ ಇದಕ್ಕೆ ಉಲ್ಟಾ.

• ಹೆಚ್ಚು ಅಂಕ ಹೋಗುವುದು ಇಲ್ಲಿ: ಏನೂ ಸಿಗದಿದ್ದರೂ $() ನಲ್ ಕೊಡುವುದಿಲ್ಲ, ಖಾಲಿ ಆಬ್ಜೆಕ್ಟ್ ಕೊಡುತ್ತದೆ. ಆದ್ದರಿಂದ ಇಫ್ ($('#ಇಲ್ಲ')) ಯಾವಾಗಲೂ ನಿಜ. ಹೈಡ್() ಕರೆದರೂ ಸದ್ದಿಲ್ಲದೆ ಸಾಗುತ್ತದೆ, ಎರರ್ ಇಲ್ಲ. ಪರೀಕ್ಷಿಸಬೇಕಾದದ್ದು ಲೆಂತ್. ಹಳೆಯ ಸೈಜ್() ಮೆಥಡ್ ಅನ್ನು ಆವೃತ್ತಿ 3.0ರಲ್ಲಿ ತೆಗೆದುಹಾಕಿದ್ದಾರೆ.

• $('#ಚಿತ್ರ') === $('#ಚಿತ್ರ') ಸುಳ್ಳು, ಪ್ರತಿ ಸಲವೂ ಹೊಸ ಆಬ್ಜೆಕ್ಟ್. ಎರಡೂ ಕಡೆ [0] ಹಾಕಿದರೆ ನಿಜ. ಪುಟದಲ್ಲಿ ಆ ಐಡಿಯ ಎಲಿಮೆಂಟ್ ಇಲ್ಲದಿದ್ದರೂ ನಿಜವೇ, ಆಗ ಎರಡೂ ಕಡೆ ಅನ್‌ಡಿಫೈನ್ಡ್.

• ‘ಔಟ್‌ಪುಟ್ ಏನು?’ ಎಂಬ ಪ್ರಶ್ನೆ ಬಂದರೆ, ಪ್ರತಿ ಸಾಲಿನ ಕೊನೆಗೆ ಉಳಿದದ್ದು ಜೆಕ್ವೆರಿ ಆಬ್ಜೆಕ್ಟೋ ಎಲಿಮೆಂಟೋ ಎಂದು ಮೊದಲು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ.