ಕಡತದಲ್ಲಿ ಪ್ರವಾಹ, ಹೊಲದಲ್ಲಿ ಬಿರುಗಾಳಿ

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಗ್ರಾಮ ಪಂಚಾಯಿತಿಗಳು ವಿಪತ್ತು ನಿರ್ವಹಣಾ ಯೋಜನೆ ಬರೆಯುವಾಗ ಜೊತೆಗೆ ಕೂರುವ ಕೆಲಸ ನನ್ನದು. ಶುರುವಿನಲ್ಲಿ ಬರೆಸಿದ ಯೋಜನೆಗಳನ್ನು ಈಗ ಯಾರಿಗೂ ತೋರಿಸುವ ಧೈರ್ಯವಿಲ್ಲ. ಅವುಗಳಿಂದ ಕಲಿತದ್ದನ್ನಾದರೂ ಹೇಳಬಹುದು.

1. ನಮೂನೆ ಎರವಲು ತಂದರೆ ವಿಪತ್ತೂ ಎರವಲೇ

ನದಿ ದಂಡೆಯ ಊರಿಗೆಂದು ಮಾಡಿದ್ದ ನಮೂನೆಯನ್ನೇ ಗುಂಡ್ಲುಪೇಟೆಯ ಒಂದು ಪಂಚಾಯಿತಿಗೆ ತುಂಬಿಸಿದೆ. ದೋಣಿ, ಲೈಫ್ ಜಾಕೆಟ್, ಕಾಳಜಿ ಕೇಂದ್ರ ಎಲ್ಲವೂ ಇತ್ತು. ಗ್ರಾಮಸಭೆಯಲ್ಲಿ ಗತ್ತಿನಿಂದ ಓದುತ್ತಿದ್ದಾಗ ಹಿಂದಿನಿಂದ ಹಿರಿಯರೊಬ್ಬರು ಕೇಳಿದರು: “ನಮ್ಮೂರ್ಗ ಹೊಳ ಎಲ್ಲದ ಸಾ? ಗಾಳಿ ಬಂದ್ರ ಬಾಳ ಉಳ್ಯಾದಿಲ್ಲ, ಅದ ಬರ್ಕಳಿ.” ಸಭೆ ನಕ್ಕಿತು, ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ. ಗುಂಡ್ಲುಪೇಟೆ ಮಳೆನೆರಳಿನ ಸೀಮೆ. ಇಲ್ಲಿಯ ದೊಡ್ಡ ವಿಪತ್ತು ಬರ. ಅದು ಬಿಟ್ಟರೆ ಏಪ್ರಿಲ್, ಮೇ ತಿಂಗಳ ಬಿರುಗಾಳಿ. ಗೊನೆ ಬಿಟ್ಟ ಬಾಳೆ ಒಂದೇ ಸಂಜೆಗೆ ನೆಲಕಚ್ಚುತ್ತದೆ. ವಿಪತ್ತು ನಿಧಿಯ ಪರಿಹಾರ ಬೇಕಾದರೆ ಬೆಳೆ ಶೇ. 33ಕ್ಕಿಂತ ಕಡಿಮೆ ಹಾಳಾಗಿರಬಾರದು, ಅದೂ ಎರಡು ಹೆಕ್ಟೇರಿನ ಮಿತಿಗೆ. ಪಹಣಿಯಲ್ಲಿ ಬಾಳೆಯ ಬದಲು ಬೇರೆ ಬೆಳೆ ನಮೂದಾಗಿದ್ದರೆ ರೈತ ಕಚೇರಿ ಅಲೆಯಬೇಕು. ಈಗ ನಾನು ಮೊದಲು ಬರೆಸುವುದು ದೋಣಿಯಲ್ಲ. ಗಾಳಿ ಏಳುವ ಮುಂಚೆ ಬೆಳೆ ಸಮೀಕ್ಷೆ ಸರಿಪಡಿಸುವುದು, ಬದುಗಳಲ್ಲಿ ಗಾಳಿತಡೆ ಮರ ನೆಡುವುದು.

2. ಬೆಂಕಿಯ ಕೆಲಸ ಡಿಸೆಂಬರಿನದು

ಕಾಡ್ಗಿಚ್ಚಿನ ಪುಟದಲ್ಲಿ “ಅರಣ್ಯ ಇಲಾಖೆಗೆ ತಿಳಿಸುವುದು” ಎಂಬ ಒಂದೇ ಸಾಲು ಬರೆಸಿದ್ದೆ. 2019ರ ಫೆಬ್ರುವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಕಡೆ ಬಂಡೀಪುರ ಹೊತ್ತಿ ಉರಿದಾಗ ಆ ಸಾಲಿನ ಬೆಲೆ ತಿಳಿಯಿತು. ಲಂಟಾನ ಒಣಗಿ ನಿಂತ ಮೇಲೆ ಯಾರೂ ಏನೂ ಮಾಡಲಾಗದು. ಬೆಂಕಿ ರೇಖೆ ಬೇಸಿಗೆಗೆ ಮುಂಚೆಯೇ ಆಗಬೇಕು, ಕಾಡಂಚಿನ ಊರಿನವರೊಡನೆ ಮಾತುಕತೆ ಅದಕ್ಕೂ ಮುಂಚೆ.

3. ಬತ್ತಿದ ಕೆರೆಯನ್ನೂ ನಂಬಬಾರದು

ವರ್ಷಗಟ್ಟಲೆ ಬತ್ತಿದ್ದ ಕೆರೆಗಳನ್ನು ಅಪಾಯದ ಪಟ್ಟಿಗೇ ಸೇರಿಸಿರಲಿಲ್ಲ. 2022ರ ಮಳೆಗಾಲದಲ್ಲಿ ಅವು ಕೋಡಿ ಬಿದ್ದವು, ಸುವರ್ಣಾವತಿ ಜಲಾಶಯವೂ ತುಂಬಿತು. ಕೋಡಿ ನೀರು ಹರಿಯಬೇಕಿದ್ದ ಕಾಲುವೆಯಲ್ಲಿ ಆಗಲೇ ಮನೆ, ತೋಟ ಎದ್ದಿದ್ದವು.

4. ವಿಪತ್ತಿಗೆ ಗಡಿಕಲ್ಲು ಕಾಣುವುದಿಲ್ಲ

ವಯನಾಡಿನಲ್ಲಿ ಸುರಿದ ಮಳೆ ಕಬಿನಿ ತುಂಬಿಸಿ, ತಿರುಮಕೂಡಲಿನಲ್ಲಿ ಕಾವೇರಿ ಸೇರಿ, ಕೊಳ್ಳೇಗಾಲದ ದಾಸನಪುರ, ಹಳೇ ಹಂಪಾಪುರಗಳಿಗೆ ಬರುತ್ತದೆ. 2018, 2019ರಲ್ಲಿ ಹಾಗೇ ಆಯಿತು. ಆ ಊರುಗಳು ನೋಡಬೇಕಾದದ್ದು ತಮ್ಮ ಮೇಲಿನ ಮೋಡವನ್ನಲ್ಲ, ಜಲಾಶಯದ ಹೊರಹರಿವನ್ನು. ಇಷ್ಟು ಕಲಿತೆನೆಂದು ಬೀಗುತ್ತಿದ್ದವನಿಗೆ 2024ರ ಜುಲೈ 30 ಇನ್ನೊಂದು ಪಾಠ ಹೇಳಿತು. ಅದೇ ವಯನಾಡಿನ ಮುಂಡಕ್ಕೈ, ಚೂರಲ್‌ಮಲದ ಭೂಕುಸಿತದಲ್ಲಿ ಸತ್ತವರಲ್ಲಿ ದುಡಿಮೆಗಾಗಿ ಅಲ್ಲಿ ನೆಲೆಸಿದ್ದ ನಮ್ಮ ಜಿಲ್ಲೆಯವರೂ ಇದ್ದರು. ದನಕರುಗಳ ಲೆಕ್ಕವಿದ್ದ ನನ್ನ ಯೋಜನೆಗಳಲ್ಲಿ ಊರಿನ ಯಾರು ಯಾವ ತೋಟಕ್ಕೆ ಕೂಲಿಗೆ ಹೋಗಿದ್ದಾರೆ ಎಂಬ ಪಟ್ಟಿ ಇರಲಿಲ್ಲ. ಈ ಲೋಪಕ್ಕೆ ನನ್ನ ಬಳಿ ಸಮಜಾಯಿಷಿ ಇಲ್ಲ.

5. ಹೆಸರಿಲ್ಲದ ಹೊಣೆ ಯಾರದೂ ಅಲ್ಲ

2005ರ ಕಾಯ್ದೆಯಂತೆ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಪಂಚಾಯಿತಿ ಅಧ್ಯಕ್ಷರು ಸಹ ಅಧ್ಯಕ್ಷರು. ಆದರೆ 2021ರಲ್ಲಿ ಅವಧಿ ಮುಗಿದ ಮೇಲೆ ಜಿಲ್ಲಾ ಪಂಚಾಯಿತಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಮೇಲಿನ ಕುರ್ಚಿ ಖಾಲಿ ಇದ್ದಾಗ ಕೆಳಗಿನ ಪಂಚಾಯಿತಿಯ ಹೊಣೆ ಹೆಚ್ಚುತ್ತದೆ. “ಸಂಬಂಧಪಟ್ಟವರು ಕ್ರಮ ಕೈಗೊಳ್ಳುವುದು” ಎಂದು ನಾನೂ ಪುಟಗಟ್ಟಲೆ ಬರೆಸಿದ್ದೇನೆ. ಅಂಥ ಸಾಲು ಕಂಡರೆ ಒಪ್ಪಬೇಡಿ. ನಿಮ್ಮ ಮುಂದಿನ ಗ್ರಾಮಸಭೆಯಲ್ಲಿ ವಿಪತ್ತು ಯೋಜನೆಯ ಪ್ರತಿ ಕೇಳಿ, ಕೆರೆಯ ತೂಬು ಎತ್ತುವವರು ಯಾರು ಎಂಬುದನ್ನು ಹೆಸರು ಸಮೇತ ಬರೆಸಿ.