ಮರೆಯುವ ಮನಸ್ಸಿಗೆ ಸುಲಭವಾದ ಸಹಾಯ

ರಕ್ತದ ಒತ್ತಡವೂ ಸಕ್ಕರೆ ರೋಗವೂ ಬಹುಕಾಲ ನೋವು ತೋರಿಸದೆ ದೇಹದಲ್ಲಿ ಅಡಗಿರುತ್ತವೆ. ಆದದರಿಂದ ರೋಗಿಯು, "ನನಗೆ ಗುಣವಾಯಿತು," ಎಂದು ನೆನಸಿ ಗುಳಿಗೆಗಳನ್ನು ಬಿಟ್ಟುಬಿಡುತ್ತಾನೆ. ಹೀಗೆ ಬಿಟ್ಟವನಿಗೆ ಒತ್ತಡವು ಮೆಲ್ಲನೆ ಏರಿ, ಒಂದು ದಿನ ಲಕ್ವ ಹೊಡೆಯಬಹುದು.

ಇಂಥವನನ್ನು ಗದರಿಸುವದರಿಂದ ಪ್ರಯೋಜನವು ಸ್ವಲ್ಪವೇ. ಯಾರನ್ನೂ ಒತ್ತಾಯಪಡಿಸದೆ, ಒಳ್ಳೇದನ್ನು ಆರಿಸಿಕೊಳ್ಳುವದು ಸುಲಭವಾಗುವಂತೆ ಏರ್ಪಾಡು ಮಾಡಬೇಕೆಂದು ಥೇಲರ್, ಸನ್‌ಸ್ಟೈನ್ ಎಂಬ ಅಮೇರಿಕದ ಪಂಡಿತರಿಬ್ಬರು 2008ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋರಿಸಿದ್ದಾರೆ. ಕರ್ನಾಟಕ ಸರಕಾರವು 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭಿಸಿದ ಗೃಹ ಆರೋಗ್ಯ ಯೋಜನೆಯೂ ಇಂಥದೇ. ಜನರು ಆಸ್ಪತ್ರೆಗೆ ಬರಲೆಂದು ಕಾಯದೆ, 30 ವರುಷ ಮೀರಿದವರನ್ನು ಅವರ ಮನೆಬಾಗಲಲ್ಲೇ ಪರೀಕ್ಷಿಸುವದು ಅದರ ಕ್ರಮವು.

ರಾಮಸಮುದ್ರದ ಮನೆಗಳಲ್ಲಿಯೂ ಖರ್ಚಿಲ್ಲದೆ ಹೀಗೆ ಮಾಡಬಹುದು:

1. ಗುಳಿಗೆಗಳನ್ನು ಪೆಟ್ಟಿಗೆಯೊಳಗೆ ಮುಚ್ಚಿಡದೆ, ದಿನಾಲು ಕೈ ಹೋಗುವ ಚಹಾ ಡಬ್ಬಿಯ ಬಳಿ, ಮಕ್ಕಳಿಗೆ ನಿಲುಕದಂತೆ ಇಡಿರಿ.

2. ರೊಟ್ಟಿಯ ತಾಟಿನ ಬಳಿ ಉಪ್ಪನ್ನಾಗಲಿ ಉಪ್ಪಿನಕಾಯನ್ನಾಗಲಿ ಇಡಬೇಡಿರಿ. ಎದ್ದು ತರಬೇಕಾದರೆ ಬಯಕೆಯು ತಗ್ಗುವದು. ಒಬ್ಬನಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು.

3. ಸಂಜೆಯ ನಡಿಗೆಗೆ ನೆರೆಯವನನ್ನು ಜೊತೆಮಾಡಿಕೊಳ್ಳಿರಿ. ಅವನು ಬಾಗಲಲ್ಲಿ ನಿಂತು ಕರೆದರೆ ಸುಮ್ಮನೆ ಕೂತಿರುವದಕ್ಕೆ ನಾಚಿಕೆಯಾಗುವದು.

4. ಮುಂದಿನ ಪರೀಕ್ಷೆಯ ದಿನವನ್ನು ಗೋಡೆಯ ಮೇಲೆ ಬರೆದಿಡಿರಿ.

ವೈದ್ಯರು ಹೇಳದೆ ಗುಳಿಗೆಯನ್ನು ನಿಲ್ಲಿಸತಕ್ಕದ್ದಲ್ಲ. ಸುಖವಾಗಿರುವದು ಆ ಗುಳಿಗೆಯ ಫಲವೇ ಆಗಿರಬಹುದು.

ಪ್ರಶ್ನೆಗಳು: ನಿಮ್ಮ ಮನೆಯ ರೋಗಿಯ ಗುಳಿಗೆಯು ಈಗ ಎಲ್ಲಿದೆ? ಎಲ್ಲಿಟ್ಟರೆ ಅವರು ಮರೆಯಲಿಕ್ಕಿಲ್ಲ?